ಉಲ್ಕಾಶಿಲೆ ಕಾಪಿಟ್ಟ ಕಡತ

ಸೇವೆಯಲ್ಲಿದ್ದ ಕಾಲದಲ್ಲಿ ಒಮ್ಮೆ, ದುಬಾರಿ ವೈಜ್ಞಾನಿಕ ಉಪಕರಣವೊಂದರ ಖರೀದಿಯ ಕಡತ ನನ್ನ ಮೇಜಿಗೆ ಬಂದಿತ್ತು. ‘ಇದರಿಂದ ಸಮಾಜಕ್ಕಾಗುವ ಪ್ರಯೋಜನವೇನು?’ ಎಂದು ಷರಾ ಬರೆದು ಹಿಂದಿರುಗಿಸಿದೆ. ನಿವೃತ್ತಿಯ ಬಿಡುವಿನಲ್ಲಿ ಉಲ್ಕಾಶಿಲೆಗಳ ಬಗೆಗೆ ಓದುವಾಗಲೆಲ್ಲ ಆ ಷರಾ ನೆನಪಾಗುತ್ತದೆ.

1969ರ ಫೆಬ್ರುವರಿ 8ರಂದು ಮೆಕ್ಸಿಕೊದ ಅಯೆಂಡೆ ಎಂಬಲ್ಲಿ ಆಕಾಶದಿಂದ ಕಲ್ಲುಗಳು ಸುರಿದವು. ಎರಡು ಟನ್ನಿಗೂ ಹೆಚ್ಚು ಚೂರುಗಳು ದೊರೆತವು. ಆ ಕಪ್ಪು ಕಲ್ಲನ್ನು ಸೀಳಿದಾಗ ಒಳಗೆ ಬಿಳಿಯ ಕಣಗಳು ಕಂಡವು. ಕ್ಯಾಲ್ಸಿಯಂ, ಅಲ್ಯೂಮಿನಿಯಂ ಹೇರಳವಾಗಿರುವ ಈ ಕಣಗಳಲ್ಲಿ ಮೆಲಿಲೈಟ್, ಸ್ಪಿನೆಲ್, ಹಿಬೊನೈಟ್ ಮುಂತಾದ ಖನಿಜಗಳಿವೆ. ಕಾದ ಅನಿಲ ತಣಿಯುವಾಗ, ಒಂದು ಸಾವಿರ ಡಿಗ್ರಿ ಸೆಲ್ಸಿಯಸ್‌ಗೂ ಮೇಲ್ಪಟ್ಟ ತಾಪದಲ್ಲೇ, ಮೊದಮೊದಲು ಘನೀಭವಿಸುವ ಖನಿಜಗಳಿವು. ಆದುದರಿಂದಲೇ ಈ ಕಣಗಳು ಎಳೆಯ ಸೂರ್ಯನ ಸಮೀಪದಲ್ಲಿ ಹುಟ್ಟಿ, ಬಳಿಕ ದೂರಕ್ಕೆ ಸಾಗಿ, ತಣ್ಣನೆಯ ದೂಳಿನೊಡನೆ ಬೆರೆತವೆಂದು ವಿಜ್ಞಾನಿಗಳು ಭಾವಿಸುತ್ತಾರೆ. 2006ರಲ್ಲಿ ಸ್ಟಾರ್‌ಡಸ್ಟ್ ನೌಕೆ ತಂದ ಧೂಮಕೇತುವಿನ ದೂಳಿನಲ್ಲೂ ಇಂಥ ಕಣ ಸಿಕ್ಕಿತು. ಇವುಗಳ ವಯಸ್ಸು ಸುಮಾರು 456 ಕೋಟಿ 70 ಲಕ್ಷ ವರ್ಷ. ಸೌರಮಂಡಲದಲ್ಲೇ ರೂಪುಗೊಂಡ, ಕಾಲನಿರ್ಣಯವಾದ ವಸ್ತುಗಳಲ್ಲಿ ಇವೇ ಹಿರಿಯವು.

ಇದರಲ್ಲಿ ನಮ್ಮ ದೇಶದ ಪಾಲೂ ಇದೆ. ವಿಕಿರಣಶೀಲ ಕ್ಯಾಲ್ಸಿಯಂ-41 ಸುಮಾರು ಒಂದು ಲಕ್ಷ ವರ್ಷಗಳಿಗೊಮ್ಮೆ ಅರ್ಧಕ್ಕಿಳಿಯುತ್ತ ಪೊಟ್ಯಾಸಿಯಂ-41 ಆಗಿ ಮಾರ್ಪಡುತ್ತದೆ. ಕಜಕಸ್ತಾನದಲ್ಲಿ ದೊರೆತ ಎಫ್ರೆಮೊವ್ಕಾ ಶಿಲೆಯ ಕಣಗಳಲ್ಲಿ ಆ ಹೆಚ್ಚುವರಿ ಪೊಟ್ಯಾಸಿಯಂ ಇರುವುದನ್ನು ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಜಿತೇಂದ್ರನಾಥ ಗೋಸ್ವಾಮಿ ಮತ್ತು ಸಂಗಡಿಗರು 1994ರಲ್ಲಿ ವರದಿ ಮಾಡಿದರು. ಕ್ಯಾಲ್ಸಿಯಂ ಅಳಿದಿತ್ತು, ಲೆಕ್ಕ ಉಳಿದಿತ್ತು. ಅದು ನಕ್ಷತ್ರವೊಂದರಲ್ಲಿ ಹುಟ್ಟಿದ್ದಾದರೆ, ಸುಮಾರು ಹತ್ತು ಲಕ್ಷ ವರ್ಷಗಳೊಳಗೆ ಈ ಕಣಗಳನ್ನು ಸೇರಿರಬೇಕು. ಹಾಗಾದರೆ ಸೂರ್ಯನ ಜನ್ಮಕ್ಕೆ ನೆರೆಯ ನಕ್ಷತ್ರವೇ ಪ್ರೇರಣೆಯಾಯಿತೆ? ಈ ಚರ್ಚೆ ಇನ್ನೂ ಮುಗಿದಿಲ್ಲ.

ಇಂಥ ಲೆಕ್ಕವನ್ನು ಓದಲು ದುಬಾರಿ ಉಪಕರಣಗಳೇ ಬೇಕು. ಈ ಜ್ಞಾನವನ್ನು ಯಾವ ಮಾರುಕಟ್ಟೆಯೂ ಉತ್ಪಾದಿಸದು. ಒಬ್ಬರು ಪಡೆದರೆ ಇನ್ನೊಬ್ಬರಿಗೆ ಕಡಿಮೆಯಾಗದ, ಯಾರನ್ನೂ ಹೊರಗಿಡಲಾಗದ ಸಂಪತ್ತನ್ನು ಅರ್ಥಶಾಸ್ತ್ರವು ಸಾರ್ವಜನಿಕ ಸರಕು ಎನ್ನುತ್ತದೆ. ಅದಕ್ಕೆ ಸರ್ಕಾರವೇ ಹಣ ತೊಡಗಿಸಬೇಕೆಂದೂ ಹೇಳುತ್ತದೆ. ಎಂ.ಎ. ತರಗತಿಯಲ್ಲಿ ಈ ಪಾಠ ಕಲಿತಿದ್ದೂ ನಾನು ಆ ಷರಾ ಬರೆದಿದ್ದೆ.

ಇಂದು ಅಂಥ ಕಡತಗಳ ಮುಂದೆ ಕುಳಿತಿರುವ ಕಿರಿಯ ಅಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟೆ: ಪ್ರಯೋಜನವೇನೆಂದು ಅವಶ್ಯವಾಗಿ ಕೇಳಿ, ಆದರೆ ಉತ್ತರ ಬರುವಷ್ಟು ಕಾಲಾವಕಾಶವನ್ನೂ ಕೊಡಿ.