ನೋವು ಹೋದರೆ ರೋಗ ಹೋಯಿತೇ?

ಮನೆಯ ಹಸು ಮೇವು ಬಿಟ್ಟರೆ ನಮಗೂ ಅನ್ನ ಸೇರುವುದಿಲ್ಲ. ಡೇರಿಗೆ ಹಾಕುವ ಹಾಲಿನಿಂದಲೇ ಮಕ್ಕಳ ಪುಸ್ತಕ, ಅಂಗಡಿ ಸಾಲ, ಹಬ್ಬದ ಖರ್ಚು ನಡೀಬೇಕು. ಹಸುವಿಗೆ ಜ್ವರ ಬಂದರೆ, ಎತ್ತು ಕುಂಟಿದರೆ, ಕೆಚ್ಚಲು ಬಾತರೆ ಗಾಬರಿ ಆಗೋದು ಸಹಜ. ಆಗ ಔಷಧಿ ಅಂಗಡಿಯಿಂದ ನೋವಿನ ಇಂಜೆಕ್ಷನ್ ತರಿಸಿ ಚುಚ್ಚಿಸುವ ರೂಢಿ ಹಳ್ಳಿಗಳಲ್ಲಿ ಇದೆ.

ನೋವಿನ ಮದ್ದು ಒಳ್ಳೆಯದೇ. ಮೂಕ ಪ್ರಾಣಿಗೂ ನೋವು ನೋವೇ ಅಲ್ಲವೇ? ಆದರೆ ಯಾವ ಮದ್ದು, ಯಾವಾಗ, ಎಷ್ಟು ಎಂಬುದನ್ನು ತಿಳಿಯದೆ ಕೊಟ್ಟರೆ ಅದೇ ಮದ್ದು ಕುತ್ತು ತರುತ್ತದೆ.

ಮದ್ದು ಮಾಡುವ ಕೆಲಸ

ಮೈಗೆ ಪೆಟ್ಟು ಬಿದ್ದಾಗ, ಕೀವಾದಾಗ ಆ ಜಾಗ ಕೆಂಪಾಗುತ್ತದೆ. ಬಿಸಿಯಾಗುತ್ತದೆ. ಬಾತುಕೊಳ್ಳುತ್ತದೆ. ನೋಯುತ್ತದೆ. ಇದಕ್ಕೆ ಕಾರಣ ಮೈಯೊಳಗೆ ಹುಟ್ಟುವ ಕೆಲವು ರಸಗಳು. ನೋವಿನ ಮದ್ದು ಆ ರಸಗಳನ್ನು ತಡೆಯುತ್ತದೆ. ಆಗ ಬಾವು ಇಳಿಯುತ್ತದೆ, ಜ್ವರ ಕಡಿಮೆಯಾಗುತ್ತದೆ, ಹಸು ಮೇವಿಗೆ ಬಾಯಿ ಹಾಕುತ್ತದೆ.

ಆದರೆ ರೋಗ ಹೋಯಿತೇ? ಇಲ್ಲ.

ಕೆಚ್ಚಲು ಬಾವನ್ನೇ ನೋಡೋಣ. ಅದು ರೋಗಾಣುವಿನಿಂದ ಬರುವ ರೋಗ. ನೋವಿನ ಮದ್ದು ರೋಗಾಣುವನ್ನು ಕೊಲ್ಲುವುದಿಲ್ಲ. ನೋವು ಇಳಿಯಿತೆಂದು ಸುಮ್ಮನಿದ್ದರೆ ಆ ಮೊಲೆಯ ಹಾಲೇ ಬತ್ತಿ ಹೋಗಬಹುದು. ಎತ್ತಿನ ಕಾಲಿಗೆ ಪೆಟ್ಟಾಗಿದೆ ಅನ್ನಿ. ಮದ್ದು ಕೊಟ್ಟ ಮೇಲೆ ಕುಂಟುವುದು ನಿಲ್ಲುತ್ತದೆ. ಅಂತ ನೊಗಕ್ಕೆ ಕಟ್ಟಿದರೆ ಪೆಟ್ಟು ಇನ್ನೂ ಹೆಚ್ಚುತ್ತದೆ. ಕುದುರೆಗೆ ಹೊಟ್ಟೆನೋವು ಬಂದಾಗಲೂ ಹೀಗೇ. ಕರುಳು ತಿರುಚಿದ್ದರೂ ಮದ್ದಿನಿಂದ ನೋವು ಅಡಗುತ್ತದೆ. ಆದರೆ ಕುದುರೆಯ ಜೀವಕ್ಕೆ ಒಳಗೇ ಅಪಾಯ ಬೆಳೆಯುತ್ತಿರುತ್ತದೆ.

ಹೊಟ್ಟೆ, ಮೂತ್ರಪಿಂಡ ಜೋಪಾನ

ನೋವು ತರುವ ಆ ರಸಗಳಿಗೆ ಬೇರೆ ಒಳ್ಳೇ ಕೆಲಸವೂ ಇದೆ. ಅವು ಹೊಟ್ಟೆಯ ಒಳಪದರವನ್ನು ಕಾಯುತ್ತವೆ. ಮೂತ್ರಪಿಂಡಕ್ಕೆ ರಕ್ತ ಚೆನ್ನಾಗಿ ಹರಿಯುವಂತೆ ನೋಡಿಕೊಳ್ಳುತ್ತವೆ. ಮದ್ದು ಹೆಚ್ಚಾದರೆ ಈ ಕಾವಲು ತಪ್ಪುತ್ತದೆ. ಹೊಟ್ಟೆಯೊಳಗೆ ಹುಣ್ಣಾಗುತ್ತದೆ. ಸಗಣಿ ಕಪ್ಪಾಗಿ ಟಾರಿನಂತೆ ಬಂದರೆ ಒಳಗೆ ರಕ್ತ ಸೋರುತ್ತಿದೆ ಎಂದು ಅನುಮಾನಿಸಬೇಕು.

ಭೇದಿಯಾಗಿ ಸೊರಗಿದ, ನೀರು ಕುಡಿಯದ ದನಕ್ಕೆ ಈ ಅಪಾಯ ಹೆಚ್ಚು. ಗಬ್ಬದ ಹಸು, ಎಳೆಗರು, ಮುದಿ ದನ ಇದ್ದರೆ ಅದನ್ನು ಡಾಕ್ಟರಿಗೆ ಮೊದಲೇ ಹೇಳಬೇಕು. ಎರಡು ಬಗೆಯ ನೋವಿನ ಮದ್ದನ್ನು ಒಟ್ಟಿಗೆ ಕೊಡಬಾರದು. ನಿನ್ನೆ ಬೇರೆ ಯಾರೋ ಇಂಜೆಕ್ಷನ್ ಕೊಟ್ಟಿದ್ದರೆ ಅದನ್ನೂ ಮುಚ್ಚಿಡಬಾರದು. ಆ ಖಾಲಿ ಬಾಟಲಿಯನ್ನೇ ತೋರಿಸೋಣ.

ರಣಹದ್ದುಗಳು ಎಲ್ಲಿ ಹೋದವು?

ಹಿಂದೆ ದನ ಸತ್ತರೆ ಊರ ಹೊರಗೆ ಹಾಕುತ್ತಿದ್ದರು. ರಣಹದ್ದುಗಳು ಇಳಿದು ಎಲುಬು ಮಾತ್ರ ಉಳಿಸುತ್ತಿದ್ದವು. ನಾತ ಇಲ್ಲ, ರೋಗವೂ ಇಲ್ಲ. 1990ರ ದಶಕದಲ್ಲಿ ನಮ್ಮ ದೇಶದಲ್ಲಿ ಈ ಹದ್ದುಗಳು ರಾಶಿ ರಾಶಿ ಸಾಯತೊಡಗಿದವು. ಕೆಲವು ಜಾತಿಗಳಲ್ಲಿ 100ಕ್ಕೆ 90ಕ್ಕೂ ಹೆಚ್ಚು ಹದ್ದುಗಳು ಇಲ್ಲವಾದವು.

ಕಾರಣ ಏನು? 2004ರಲ್ಲಿ ವಿಜ್ಞಾನಿಗಳು ಅದನ್ನು ಹೊರಗಿಟ್ಟರು. ಡೈಕ್ಲೋಫೆನಾಕ್ ಎಂಬ ನೋವಿನ ಮದ್ದು! ಆ ಮದ್ದು ಕೊಟ್ಟ ಸ್ವಲ್ಪ ದಿನದಲ್ಲೇ ದನ ಸತ್ತರೆ, ಅದರ ಮಾಂಸದಲ್ಲಿ ಮದ್ದು ಉಳಿದಿರುತ್ತದೆ. ಅದನ್ನು ತಿಂದ ಹದ್ದಿನ ಮೂತ್ರಪಿಂಡ ಕೆಡುತ್ತದೆ. ಕೆಲವೇ ದಿನದಲ್ಲಿ ಅದು ಸಾಯುತ್ತದೆ. ಒಂದೇ ಹೆಣದ ಮೇಲೆ ಹತ್ತಾರು ಹದ್ದು ಕೂರುತ್ತವೆ. ಅವುಗಳಲ್ಲಿ ಹಲವು ಸಾಯಬಹುದು.

ದನಗಳಿಗೆ ಡೈಕ್ಲೋಫೆನಾಕ್ ಬೇಡ ಎಂದು ಸರ್ಕಾರ 2006ರಲ್ಲಿ ಆದೇಶ ಮಾಡಿತು. ಆದರೂ ಮನುಷ್ಯರ ದೊಡ್ಡ ಬಾಟಲಿಯನ್ನು ತಂದು ದನಕ್ಕೆ ಚುಚ್ಚುವುದು ನಿಲ್ಲಲಿಲ್ಲ. ಅದಕ್ಕೇ 2015ರಲ್ಲಿ ಮನುಷ್ಯರ ಇಂಜೆಕ್ಷನ್ ಕೂಡ ಒಂದು ಸಲಕ್ಕೆ ಆಗುವ ಸಣ್ಣ ಬಾಟಲಿಯಲ್ಲೇ ಬರಬೇಕು ಎಂದಾಯಿತು. 2023ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್ ಎಂಬ ಮದ್ದುಗಳನ್ನೂ ದನಗಳಿಗೆ ಕೊಡದಂತೆ ತಡೆದರು. ಆಮೇಲೆ ನಿಮೆಸುಲೈಡ್ ಕೂಡ ಆ ಸಾಲಿಗೆ ಸೇರಿತು.

ಹಾಗಾದರೆ ದನದ ನೋವಿಗೆ ಏನು ಗತಿ? ಮೆಲಾಕ್ಸಿಕಾಮ್ ಎಂಬ ಮದ್ದು ಇದೆ. ಟಾಲ್ಫೆನಮಿಕ್ ಆಸಿಡ್ ಎಂಬುದೂ ಇದೆ. ಇವು ಹದ್ದುಗಳಿಗೆ ಕೆಡುಕು ಮಾಡುವುದಿಲ್ಲ ಎಂದು ಪರೀಕ್ಷೆಯಿಂದ ತಿಳಿದಿದೆ. ಇವನ್ನೂ ಡಾಕ್ಟರು ಹೇಳಿದಷ್ಟೇ ಕೊಡಬೇಕು. ದನದ ತೂಕ ನೋಡಿ ಅಳತೆ ಹೇಳುವವರು ಅವರೇ.

ನಮ್ಮ ರಾಜ್ಯದ ರಾಮನಗರದಲ್ಲಿ ರಾಮದೇವರ ಬೆಟ್ಟ ಇದೆ. 2012ರಲ್ಲಿ ಅದನ್ನು ರಣಹದ್ದುಗಳ ಧಾಮ ಎಂದು ಘೋಷಿಸಿದರು. ಅಲ್ಲಿ ಹದ್ದು ಉಳಿಯಬೇಕಾದರೆ ಸುತ್ತಲಿನ ಕೊಟ್ಟಿಗೆಗಳಲ್ಲಿ ಸರಿಯಾದ ಮದ್ದು ಇರಬೇಕು.

ನಾವು ಮಾಡಬೇಕಾದದ್ದು

ಮದ್ದಿನ ಬಾಟಲಿ ಕೈಗೆ ಬಂದೊಡನೆ ಹೆಸರು ಓದೋಣ. ಅಕ್ಷರ ಕಲಿತದ್ದು ಇದಕ್ಕೂ ಬೇಕು. ಹೆಸರು ಇಂಗ್ಲಿಷಿನಲ್ಲಿದ್ದರೆ ಮಕ್ಕಳಿಂದ ಓದಿಸೋಣ. ಅವಧಿ ಮುಗಿದ ತಾರೀಖನ್ನೂ ನೋಡೋಣ.

ಮನುಷ್ಯರ ಮಾತ್ರೆ, ಇಂಜೆಕ್ಷನ್ ದನಕ್ಕೆ ಬೇಡ. ದನದ ಮದ್ದು ನಮಗೂ ಬೇಡ.

ಬೇಗ ವಾಸಿಯಾಗಲಿ ಅಂತ ಹೇಳಿದ್ದಕ್ಕಿಂತ ಹೆಚ್ಚು ಕೊಡಬಾರದು.

ಮದ್ದಿನ ಅಂಶ ಹಾಲಿಗೂ ಇಳಿಯಬಹುದು. ಎಷ್ಟು ದಿನ ಹಾಲನ್ನು ಡೇರಿಗೆ ಹಾಕಬಾರದು, ಮಕ್ಕಳಿಗೆ ಕೊಡಬಾರದು ಎಂದು ಕೇಳಿ ತಿಳಿಯೋಣ.

ಕಾಯಿಲೆ ದನಕ್ಕೆ ನೆರಳು, ಕುಡಿಯಲು ನೀರು, ಮಲಗಲು ಮೆತ್ತನೆ ಒಣಹುಲ್ಲು ಬೇಕು. ಇದೂ ಒಂದು ಮದ್ದೇ.

ಮದ್ದು ತೆಗೆದುಕೊಂಡ ದನ ಸತ್ತರೆ ಬಯಲಿಗೆ ಎಸೆಯದೆ ಆಳವಾಗಿ ಹೂಳಿಸೋಣ.

ಪಶು ಆಸ್ಪತ್ರೆ ದೂರ ಇದ್ದರೆ 1962ಕ್ಕೆ ಫೋನ್ ಮಾಡಬಹುದು. ಈ ಕರೆಗೆ ದುಡ್ಡಿಲ್ಲ.

ಮಾತಾಡೋಣ

ನಿಮ್ಮ ಊರಿನಲ್ಲಿ ದನಕ್ಕೆ ಇಂಜೆಕ್ಷನ್ ಕೊಡುವವರು ಯಾರು? ಅವರು ಕೊಡುವ ನೋವಿನ ಮದ್ದಿನ ಹೆಸರೇನು? ಕೇಳಿ ತಿಳಿದು, ಮುಂದಿನ ಪಾಠದ ದಿನ ಹಲಗೆಯ ಮೇಲೆ ಬರೆಯಿರಿ.