ದೀಪ ಡ್ಯಾಶ್‌ಬೋರ್ಡಿನಲ್ಲಿ, ದೋಷ ಗಾಲಿಯಲ್ಲಿ

ರಾಷ್ಟ್ರೀಯ ಹೆದ್ದಾರಿ 50 ಮತ್ತು 67 ಸಂಧಿಸುವ ಹೊಸಪೇಟೆಯ ಸುತ್ತಮುತ್ತ ಸಂಡೂರಿನ ಬೆಟ್ಟಗಳಿಂದ ಅದಿರು ಇಳಿಸುವ ಟಿಪ್ಪರುಗಳು, ಕಂಪ್ಲಿಯ ನೀರಾವರಿ ಬಯಲಿನಿಂದ ಭತ್ತ ಹೇರಿಕೊಂಡು ಹೊರಡುವ ಲಾರಿಗಳು, ಹಂಪಿಗೆ ಪ್ರವಾಸಿಗರನ್ನು ಕರೆತರುವ ಬಸ್ಸುಗಳು ಹಗಲಿರುಳು ಓಡಾಡುತ್ತವೆ. ಇವುಗಳನ್ನು ನಂಬಿ ಬೆಳೆದ ಗ್ಯಾರೇಜು ಕಸುಬಿನಲ್ಲಿ ಎಂಜಿನ್, ಬ್ರೇಕ್, ವೆಲ್ಡಿಂಗ್, ವೈರಿಂಗ್ ಕೆಲಸಗಳು ಬಹುಮಟ್ಟಿಗೆ ಬೇರೆ ಬೇರೆ ಕೈಗಳಲ್ಲಿಯೇ ಇರುತ್ತವೆ. 2015ರಿಂದೀಚೆಗೆ ಹೊಸ ಭಾರೀ ವಾಹನಗಳಿಗೆ ಕಡ್ಡಾಯವಾದ ಎಬಿಎಸ್, ಅಂದರೆ ಬ್ರೇಕ್ ತುಳಿದಾಗ ಗಾಲಿ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ, ಈ ವಿಂಗಡಣೆಗೆ ಒಗ್ಗುವುದಿಲ್ಲ. ಅದರ ದೋಷವನ್ನು ಸಾರುವುದು ವಿದ್ಯುತ್ ದೀಪವಾದರೂ ದೋಷದ ಮೂಲ ಅನೇಕ ಸಲ ಗಾಲಿಯ ಹಬ್‌ನಲ್ಲಿರುವುದರಿಂದ, ಫಿಟ್ಟರನ ಕೈ ಮತ್ತು ಎಲೆಕ್ಟ್ರಿಷಿಯನ್ನನ ಕಣ್ಣು ಒಟ್ಟಿಗೆ ಕೆಲಸ ಮಾಡಬೇಕಾದ ಕುಶಲತೆ ಇದು.

ಭಾರೀ ಲಾರಿಯ ಬ್ರೇಕ್ ಗಾಳಿಯ ಒತ್ತಡದಿಂದ ನಡೆಯುತ್ತದೆ. ಏರ್ ಟ್ಯಾಂಕಿನಲ್ಲಿ ತುಂಬಿದ ಗಾಳಿ, ಚಾಲಕ ಪೆಡಲ್ ತುಳಿದಾಗ ಗಾಲಿಯ ಬಳಿಯ ಬ್ರೇಕ್ ಚೇಂಬರಿಗೆ ನುಗ್ಗಿ, ಸ್ಲ್ಯಾಕ್ ಅಡ್ಜಸ್ಟರ್ ಎಂಬ ತೋಳನ್ನು ತಳ್ಳಿ, ಡ್ರಮ್ಮಿನ ಒಳಮೈಗೆ ಲೈನರುಗಳನ್ನು ಒತ್ತುತ್ತದೆ. ರಸ್ತೆ ಒದ್ದೆಯಾಗಿದ್ದಾಗ ಅಥವಾ ಲಾರಿ ಖಾಲಿಯಿದ್ದಾಗ ಈ ಒತ್ತಡ ಅತಿಯಾದರೆ ಗಾಲಿ ತಿರುಗುವುದನ್ನು ನಿಲ್ಲಿಸಿ ಜಾರತೊಡಗುತ್ತದೆ. ಮುಂದಿನ ಗಾಲಿ ಹಾಗೆ ಜಾರಿದರೆ ಸ್ಟೀರಿಂಗ್ ತಿರುಗಿಸಿಯೂ ಪ್ರಯೋಜನವಿರುವುದಿಲ್ಲ. ಇದನ್ನು ತಡೆಯಲು, ಹಬ್‌ನೊಡನೆ ತಿರುಗುವ ಹಲ್ಲಿನ ರಿಂಗೊಂದರ ಎದುರಿಗೆ ಆಯಸ್ಕಾಂತವಿರುವ ಸೆನ್ಸರನ್ನು ನಿಲ್ಲಿಸಲಾಗಿದ್ದು, ಪ್ರತಿ ಹಲ್ಲು ಹಾದುಹೋದಾಗ ಅದರ ಸುರುಳಿಯಲ್ಲಿ ಹುಟ್ಟುವ ಸಣ್ಣ ವಿದ್ಯುತ್ ಮಿಡಿತದಿಂದ ಇಸಿಯು ಎಂಬ ಗಣಕ ಆ ಗಾಲಿಯ ವೇಗವನ್ನು ಅಳೆಯುತ್ತದೆ. ಯಾವುದೇ ಗಾಲಿಯ ವೇಗ ತಟ್ಟನೆ ಕುಸಿದರೆ, ಇಸಿಯು ಮಾಡ್ಯುಲೇಟರ್ ಎಂಬ ವಾಲ್ವಿನ ಮೂಲಕ ಆ ಚೇಂಬರಿನ ಗಾಳಿಯನ್ನು ಸೆಕೆಂಡಿಗೆ ಹಲವು ಸಲ ಬಿಟ್ಟು, ಹಿಡಿದು, ಮತ್ತೆ ತುಂಬುತ್ತದೆ. ಏರ್ ಬ್ರೇಕಿನ ವಾಹನಗಳಿಗೆ ಈ ವಿದ್ಯೆಯನ್ನು 1981ರಲ್ಲಿ ಜರ್ಮನಿಯಲ್ಲಿ ಮರ್ಸಿಡಿಸ್-ಬೆಂಜ್ ಮತ್ತು ವಾಬ್ಕೊ ಕಂಪನಿಗಳು ಒಟ್ಟಾಗಿ ತಂದವು.

ದೋಷಪತ್ತೆ ಆರಂಭವಾಗುವುದು ಎಚ್ಚರಿಕೆ ದೀಪದ ನಡವಳಿಕೆಯಿಂದ. ಕೀಲಿ ತಿರುಗಿಸಿದಾಗ ದೀಪ ಹೊತ್ತಿ, ಕೆಲವು ಸೆಕೆಂಡುಗಳಲ್ಲಿ ಅಥವಾ ಲಾರಿ ತುಸು ಚಲಿಸಿದೊಡನೆ ಆರಬೇಕು. ಮೊದಲು ಆರಿ, ಲಾರಿ ಓಡತೊಡಗಿದ ಮೇಲೆ ಮತ್ತೆ ಹೊತ್ತಿದರೆ ಸಂಶಯ ಸೆನ್ಸರಿನ ಕಡೆಗೆ ಹೋಗುತ್ತದೆ. ಆರದೆಯೇ ಉಳಿದರೆ ಫ್ಯೂಸ್, ವೈರಿಂಗ್, ಮಾಡ್ಯುಲೇಟರುಗಳನ್ನು ನೋಡಬೇಕಾಗುತ್ತದೆ. ಕೀಲಿ ತಿರುಗಿಸಿದ ಕ್ಷಣದಲ್ಲಿ ಇಸಿಯು ಮಾಡ್ಯುಲೇಟರುಗಳನ್ನು ಒಂದಾದ ಮೇಲೊಂದರಂತೆ ಪರೀಕ್ಷಿಸುವುದರಿಂದ ಚಾಸಿಯ ಬಳಿ ಕಿವಿಗೊಟ್ಟವರಿಗೆ ಟಕ್ ಟಕ್ ಸದ್ದು ಕೇಳಿಸುತ್ತದೆ, ಮತ್ತು ಯಾವ ಗಾಲಿಯ ಸರದಿಯಲ್ಲಿ ಸದ್ದು ತಪ್ಪುತ್ತದೆಯೋ ಆ ವಾಲ್ವನ್ನೋ ಅದರ ಕನೆಕ್ಟರನ್ನೋ ಬಿಚ್ಚಿ ನೋಡಬೇಕೆಂದು ಅರ್ಥ. ದೀಪ ಮಿನುಗುವ ಎಣಿಕೆಯಿಂದ ಅಥವಾ ಸ್ಕ್ಯಾನರಿನಿಂದ ದೊರೆಯುವ ಕೋಡ್ ಗಾಲಿಯನ್ನು ಹೆಸರಿಸುತ್ತದೆಯೇ ಹೊರತು ಕೆಟ್ಟ ಭಾಗವನ್ನು ಖಚಿತವಾಗಿ ಹೇಳುವುದಿಲ್ಲ.

ಕೋಡ್ ತೋರಿದ ಗಾಲಿಯನ್ನು ಜಾಕ್ ಕೊಟ್ಟು ಎತ್ತುವ ಮುನ್ನ ಉಳಿದ ಗಾಲಿಗಳಿಗೆ ಅಡ್ಡಗಟ್ಟೆ ಇಡಲೇಬೇಕು. ಬಳಿಕ ಸೆನ್ಸರಿನ ಕನೆಕ್ಟರ್ ಬಿಚ್ಚಿ ಮಲ್ಟಿಮೀಟರಿನಲ್ಲಿ ಪ್ರತಿರೋಧ ಅಳೆದರೆ ಸಾಮಾನ್ಯವಾಗಿ ಒಂದು ಸಾವಿರದಿಂದ ಎರಡು ಸಾವಿರ ಓಮ್ ತೋರಬೇಕು. ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ, ಎರಡು ಸೆಕೆಂಡಿಗೆ ಒಂದು ಸುತ್ತಿನಂತೆ ಗಾಲಿಯನ್ನು ಕೈಯಿಂದ ತಿರುಗಿಸಿದಾಗ ಕನಿಷ್ಠ 0.2 ವೋಲ್ಟ್ ಹುಟ್ಟಬೇಕು. ಪ್ರತಿರೋಧ ಸರಿಯಿದ್ದೂ ವೋಲ್ಟ್ ಕಡಿಮೆಯಾದರೆ ಬಹುತೇಕ ಸೆನ್ಸರ್ ಸತ್ತಿಲ್ಲ, ರಿಂಗಿನಿಂದ ದೂರ ಸರಿದಿದೆ. ಸೆನ್ಸರ್ ಸ್ಪ್ರಿಂಗ್ ಬುಷ್‌ನ ಬಿಗಿತದಿಂದ ಮಾತ್ರ ನಿಂತಿರುವುದರಿಂದ ಅದನ್ನು ರಿಂಗಿಗೆ ತಾಗುವವರೆಗೆ ಕೈಯಿಂದ ಒತ್ತಿದರೆ ಸಾಕು. ಗಾಲಿ ತಿರುಗಿದಂತೆ ಅದು ತಾನಾಗಿ ಒಂದು ಮಿಲಿಮೀಟರಿಗೂ ಕಡಿಮೆಯ ಅಂತರಕ್ಕೆ ಹೊಂದಿಕೊಳ್ಳುತ್ತದೆ. ಸುತ್ತಿಗೆಯಿಂದ ಬಡಿದರೆ ಸೆನ್ಸರೇ ಒಡೆಯುತ್ತದೆ. ಬೇರಿಂಗ್ ಸಡಿಲವಾಗಿದ್ದರಂತೂ ಅಲುಗುವ ಹಬ್ ಸೆನ್ಸರನ್ನು ಮತ್ತೆ ಮತ್ತೆ ಹಿಂದಕ್ಕೆ ತಳ್ಳುವುದರಿಂದ, ಎಷ್ಟು ಹೊಸ ಸೆನ್ಸರ್ ಹಾಕಿದರೂ ದೀಪ ಮರಳಿ ಹೊತ್ತುತ್ತದೆ.

ಈ ಸೀಮೆಯ ಕೆಲಸದ ರೀತಿಯೂ ದೋಷಗಳಿಗೆ ತನ್ನದೇ ಬಣ್ಣ ಕೊಡುತ್ತದೆ. ಸಂಡೂರಿನ ಅದಿರು ಬಹುಪಾಲು ಹೆಮಟೈಟ್ ಆಗಿದ್ದು, ಅದು ಆಯಸ್ಕಾಂತಕ್ಕೆ ಬಲವಾಗಿ ಅಂಟುವಂಥದ್ದಲ್ಲ. ಆದರೆ ಅದರ ಕೆಂಪು ಧೂಳು ಸೀಲಿನಿಂದ ಸೋರಿದ ಗ್ರೀಸಿನೊಡನೆ ಕಲಸಿ ಗಟ್ಟಿಯಾದಾಗ ರಿಂಗಿನ ಹಲ್ಲುಗಳ ಸಂದು ತುಂಬಿ, ಸೆನ್ಸರನ್ನು ದೂರ ಸರಿಸುತ್ತದೆ. ಕೆಸರುನೀರಿನಲ್ಲಿ ಓಡುವ ಲಾರಿಗಳಲ್ಲಿ ಕನೆಕ್ಟರಿನ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ಲೈನರ್ ಬದಲಿಸಿದ ಅಥವಾ ಹಬ್ ಗ್ರೀಸಿಂಗ್ ಮುಗಿಸಿದ ಬೆನ್ನಿಗೇ ಹೊತ್ತುವ ದೀಪಕ್ಕೆ, ಡ್ರಮ್ ಬಿಚ್ಚುವಾಗ ಹಿಂದೆ ಸರಿದ ಸೆನ್ಸರನ್ನು ಮರಳಿ ಒತ್ತದೆ ಬಿಟ್ಟದ್ದೇ ಬಹುತೇಕ ಕಾರಣ. ಲಾರಿಯ ಬಾಡಿಯ ಮೇಲೆ ವೆಲ್ಡಿಂಗ್ ಮಾಡುವ ಮುನ್ನ ಬ್ಯಾಟರಿ ಮತ್ತು ಇಸಿಯು ಕನೆಕ್ಟರುಗಳನ್ನು ಬಿಚ್ಚದಿದ್ದರೆ ವೆಲ್ಡಿಂಗಿನ ಕರೆಂಟ್ ಇಸಿಯುವನ್ನೇ ಸುಡಬಹುದು.

ದುರಸ್ತಿಯ ನಂತರವೂ ದೀಪ ತಕ್ಷಣ ಆರದಿದ್ದರೆ ಗಾಬರಿಯಾಗಬೇಕಿಲ್ಲ. ಸೆನ್ಸರಿನ ದೋಷ ನೆನಪಿನಲ್ಲಿದ್ದಾಗ ಇಸಿಯು ಗಾಲಿಗಳು ತಿರುಗಿ ಸರಿಯಾದ ಮಿಡಿತ ಬರುವವರೆಗೆ ಕಾಯುವುದರಿಂದ, ಲಾರಿಯನ್ನು ಒಂದಿಷ್ಟು ಓಡಿಸಿ ನೋಡುವುದೇ ಕೊನೆಯ ಪರೀಕ್ಷೆ. ಎಬಿಎಸ್ ಕೆಟ್ಟರೂ ಸಾಮಾನ್ಯ ಬ್ರೇಕ್ ಹಿಡಿಯುತ್ತಲೇ ಇರುವುದರಿಂದ ದೀಪವನ್ನು ಕಡೆಗಣಿಸುವ ರೂಢಿ ಬೆಳೆಯುತ್ತದೆ. ಇನ್ನೊಂದೆಡೆ, ಎಬಿಎಸ್ ಸರಿಯಿದ್ದ ಮಾತ್ರಕ್ಕೆ ಇಳಿಜಾರಿನಲ್ಲಿ ಕಾದ ಡ್ರಮ್ಮು ತಣಿಯುವುದೂ ಇಲ್ಲ, ಸವೆದ ಲೈನರ್ ಹಿಡಿಯುವುದೂ ಇಲ್ಲ. ಅದಕ್ಕೆ ಸಣ್ಣ ಗೇರು, ಎಕ್ಸಾಸ್ಟ್ ಬ್ರೇಕ್ ಮತ್ತು ಕಾಲಕಾಲದ ಲೈನರ್ ತಪಾಸಣೆಯೇ ಬೇಕು. ಒಟ್ಟಿನಲ್ಲಿ, ದುಬಾರಿ ಇಸಿಯು ಬದಲಿಸುವ ಮಾತಿಗೆ ಮೊದಲು ಬೇರಿಂಗ್, ರಿಂಗು, ಸೆನ್ಸರ್, ಕನೆಕ್ಟರುಗಳನ್ನು ನೋಡುವ ಮೆಕ್ಯಾನಿಕ್ ಎಬಿಎಸ್ ಜೊತೆಗೆ ಹಬ್‌ನ ಆರೋಗ್ಯವನ್ನೂ ಪರೀಕ್ಷಿಸಿದಂತಾಗುತ್ತದೆ, ಮಾಲೀಕನಿಗೂ ಬೇಡದ ಖರ್ಚು ಉಳಿಯುತ್ತದೆ.