ಹಿಮಕರಡಿಯೂ ಮಟ್ಟಾಂಚೇರಿಯ ಮಕ್ಕಳೂ

ಮಟ್ಟಾಂಚೇರಿಯ ಮಕ್ಕಳಿಗೆ ಚಳಿಯೆಂದರೇನೆಂದು ತಿಳಿಸುವುದು ಅಷ್ಟು ಸುಲಭವಲ್ಲ. ಧನುರ್ಮಾಸದಲ್ಲಿಯೂ ಇಲ್ಲಿ ಕೊಬ್ಬರಿ ಎಣ್ಣೆ ಸೀಸೆಯೊಳಗೆ ನೀರಿನಂತೆಯೇ ಇರುತ್ತದೆ. ರಜೆಯಲ್ಲಿ ತೀರ್ಥಹಳ್ಳಿಯ ಕಡೆ ಅಜ್ಜಿಯ ಮನೆಗೆ ಹೋಗಿಬಂದ ಮಕ್ಕಳು ಮಾತ್ರ, "ಅಲ್ಲಿ ಎಣ್ಣೆ ಕಲ್ಲಾಗಿರುತ್ತದೆ, ಒಲೆಯ ಹತ್ತಿರ ಇಟ್ಟು ಕರಗಿಸಬೇಕು" ಎಂದು ಬೆರಗಿನಿಂದ ಹೇಳುತ್ತಾರೆ. ಇಂಥ ಮಕ್ಕಳಿಗೆ ಭಾನುವಾರದ ಕನ್ನಡ ತರಗತಿಯಲ್ಲಿ ಧ್ರುವಪ್ರದೇಶದ ಪ್ರಾಣಿಗಳ ಪಾಠ ಹೇಳುತ್ತೇವೆಂದು ನಾವು ಹೊರಟಾಗ ಮನೆಯವರೇ ನಕ್ಕರು.

ಹೊರಡುವುದಕ್ಕೆ ಕಾರಣವಿತ್ತು. ಒಂದನೆಯಿಂದ ನಾಲ್ಕನೆಯ ತರಗತಿಯವರೆಗಿನ ಈ ಮಕ್ಕಳಿಗೆ ಕನ್ನಡವೆಂದರೆ ಊಟ, ಸ್ನಾನ, ಜಗಳ ಮತ್ತು ಅಜ್ಜಿಯ ಫೋನು. ಉಳಿದ ಲೋಕವೆಲ್ಲ ಶಾಲೆಯ ಇಂಗ್ಲಿಷಿನಲ್ಲಿ, ಬೀದಿಯ ಮಲಯಾಳದಲ್ಲಿ. ಹಿಮಕರಡಿಯ ವಿಷಯವಾಗಿ ಕನ್ನಡದಲ್ಲಿ ಒಂದು ಗಂಟೆ ವಾದಿಸಿದ ಮಗು ಆ ಭಾಷೆಯನ್ನು ಅಡುಗೆಮನೆಯಲ್ಲೇ ಬಿಟ್ಟುಹೋಗಲಾರದೆಂಬ ಆಸೆ ನಮ್ಮದು.

ಮೊದಲ ದಿನವೇ ಒಬ್ಬ ಹುಡುಗ ತನ್ನ ಚಿತ್ರದ ಪುಸ್ತಕ ತಂದ. ಒಂದೇ ಮಂಜುಗಡ್ಡೆಯ ಮೇಲೆ ಹಿಮಕರಡಿಯೂ ಪೆಂಗ್ವಿನ್ನೂ ಹೆಗಲ ಮೇಲೆ ಕೈಹಾಕಿ ನಿಂತಿವೆ! ಹಿಮಕರಡಿ ಉತ್ತರದ್ದು, ಈ ಹಿಮದ ಪೆಂಗ್ವಿನ್ ದಕ್ಷಿಣದ್ದು. ನಡುವೆ ಇಡೀ ಭೂಮಿಯೇ ಇದೆ ಎಂದರೆ ಹುಡುಗ ಒಪ್ಪಲಿಲ್ಲ. ಮುಂಬಯಿಯ ಭಾಯಖಳದ ಮೃಗಾಲಯದಲ್ಲಿ ಪೆಂಗ್ವಿನ್ನನ್ನು ಕಂಡುಬಂದ ಇನ್ನೊಬ್ಬಳು ಎದ್ದು ನಿಂತಳು. ಅವು 2016ರಲ್ಲಿ ಬಂದ ಹಂಬೋಲ್ಟ್ ಜಾತಿಯವು, ಪೆರು ಮತ್ತು ಚಿಲಿ ದೇಶಗಳ ಕರಾವಳಿಯ ಕುಲದವು, ಹಿಮದ ನಾಡಿನವಲ್ಲ ಎಂದು ಆಕೆಗೂ ಹೇಳಬೇಕಾಯಿತು.

ಕೊನೆಗೆ ಊಟದ ತಟ್ಟೆಯೇ ನಮ್ಮನ್ನು ಕಾಪಾಡಿತು. ಅನ್ನದ ನಡುವೆ ಗುಣಿ ಮಾಡಿ ಸಾರು ಹಾಕಿದರೆ ಉತ್ತರ ಧ್ರುವ: ಸುತ್ತ ನೆಲ, ನಡುವೆ ಹೆಪ್ಪುಗಟ್ಟುವ ಕಡಲು. ಸಾಂಬಾರಿನ ನಡುವೆ ಇಡ್ಲಿಯಿಟ್ಟರೆ ದಕ್ಷಿಣ ಧ್ರುವ: ನಡುವೆ ನೆಲ, ಸುತ್ತ ಕಡಲು. ಆ ಇಡ್ಲಿಯ ಮೇಲೆ ಸರಾಸರಿ ಎರಡು ಕಿಲೋಮೀಟರ್ ದಪ್ಪದ ಹಿಮ ಕೂತಿದೆ. ಪಾಠ ತಿಳಿಯಿತೋ ಹಸಿವೆಯಾಯಿತೋ, ಎರಡೂ ಧ್ರುವಗಳು ಐದು ನಿಮಿಷದಲ್ಲಿ ಖಾಲಿಯಾದವು.

ಧ್ರುವನ ಕಥೆ ಮಕ್ಕಳಿಗೆ ಗೊತ್ತಿತ್ತು. ಕೊಚ್ಚಿಯ ಅಕ್ಷಾಂಶ ಸುಮಾರು 10 ಡಿಗ್ರಿ; ಕೈ ನೀಡಿ ಹಿಡಿದ ಮುಷ್ಟಿಯ ಅಗಲವೂ ಸರಿಸುಮಾರು ಅಷ್ಟೇ. ಆದುದರಿಂದ ಉತ್ತರ ದಿಗಂತದ ಮೇಲೆ ಒಂದು ಮುಷ್ಟಿಯೆತ್ತರದಲ್ಲಿ ನಮ್ಮ ಧ್ರುವನಕ್ಷತ್ರ. ಬೀದರದಲ್ಲಿ ಎರಡು ಮುಷ್ಟಿಗೆ ತುಸು ಕಡಮೆ. ಉತ್ತರ ಧ್ರುವದಲ್ಲಾದರೋ ನೆತ್ತಿಯ ಮೇಲೆಯೇ. ನಾವು ಸಪ್ತರ್ಷಿಗಳನ್ನು ಕಂಡ ಕಡೆ ಗ್ರೀಕರು ಕರಡಿಯನ್ನು ಕಂಡರು; ಆರ್ಕ್ಟಿಕ್ ಎಂಬ ಹೆಸರು ಆ ಆಕಾಶದ ಕರಡಿಯಿಂದ ಬಂದುದು. ಋಷಿಗಳು ಕರಡಿಯಾದುದು ಮಕ್ಕಳಿಗೆ ಬಹಳ ಹಿಡಿಸಿತು.

ಚಳಿಯನ್ನು ತೋರಿಸಲು ತೋಪ್ಪುಂಪಡಿಯ ಮೀನು ಬಂದರಿಗೆ ಹೋಗುವ ಮಂಜುಗಡ್ಡೆಯಲ್ಲಿ ಒಂದು ತುಂಡನ್ನು ಕೇಳಿ ತಂದೆವು. ಬಕೆಟ್ಟಿನಲ್ಲಿ ಅದನ್ನು ಒಡೆದು ಹಾಕಿ ನೀರು ತುಂಬಿದೆವು. ಎರಡು ಪ್ಲಾಸ್ಟಿಕ್ ಚೀಲಗಳ ನಡುವೆ ವನಸ್ಪತಿ ತುಂಬಿ ಒಂದು ಕೈಗವಸು ಮಾಡಿದ್ದೆವು. ಬರಿಗೈ ಇಟ್ಟವರು ಇಪ್ಪತ್ತು ಎಣಿಸುವಷ್ಟರಲ್ಲಿ ಚೀರಿ ಕೈ ತೆಗೆದರು. ಕೊಬ್ಬಿನ ಗವಸಿನ ಕೈ ಆರಾಮವಾಗಿ ಒಳಗೇ ಇತ್ತು. ಹಿಮಕರಡಿಯ ಚರ್ಮದಡಿಯಲ್ಲಿ 10 ಸೆಂಟಿಮೀಟರಿನ ತನಕ ಕೊಬ್ಬಿರಬಲ್ಲದೆಂದು ಹೇಳಿದ್ದು ಆಗ ನಾಟಿತು. ಬಿಳಿಯ ರೋಮದ ಕೆಳಗೆ ಅದರ ಚರ್ಮ ಕಪ್ಪು. ಹುಟ್ಟಿದ ಮರಿ ಮುಕ್ಕಾಲು ಕಿಲೋ ಸಹ ತೂಗುವುದಿಲ್ಲ.

ಹೆಸರುಗಳ ತೊಡಕೂ ಬಂದಿತು. ಸೀಲ್ ಎಂಬುದನ್ನು ನೀರುನಾಯಿಯೆನ್ನೋಣವೆಂದು ಒಬ್ಬ ಪೋಷಕರ ಸಲಹೆ. ಆದರೆ ನೀರುನಾಯಿ ಕಾವೇರಿ, ತುಂಗಭದ್ರೆಗಳಲ್ಲಿ ಮೀನು ಹಿಡಿಯುವ ಬೇರೆಯೇ ಪ್ರಾಣಿ. ಒಂದು ಒಳ್ಳೆಯ ಹೆಸರನ್ನು ಅದರ ಒಡೆಯನಿಂದ ಕಿತ್ತುಕೊಡುವುದಕ್ಕಿಂತ ಸೀಲ್ ಸೀಲಾಗಿಯೇ ಇರಲೆಂದು ಬಿಟ್ಟೆವು.

ಎಂಪರರ್ ಪೆಂಗ್ವಿನ್ನಿನ ಕಥೆ ಹೇಳುವಾಗ ತರಗತಿ ಸದ್ದಿಲ್ಲದೆ ಕೂತಿತ್ತು. ತಾಯಿ ಮೊಟ್ಟೆಯನ್ನು ತಂದೆಗೊಪ್ಪಿಸಿ ಆಹಾರಕ್ಕಾಗಿ ಕಡಲಿಗೆ ಹೋಗುತ್ತದೆ. ಆ ಕಡುಚಳಿಯ ಕತ್ತಲಲ್ಲಿ ತಂದೆ ಸುಮಾರು 65 ದಿನ ಮೊಟ್ಟೆಯನ್ನು ಪಾದಗಳ ಮೇಲಿಟ್ಟುಕೊಂಡು, ಏನೂ ತಿನ್ನದೆ ಕಾಯುತ್ತದೆ. "ಅಷ್ಟು ಹಕ್ಕಿಗಳಲ್ಲಿ ಅಮ್ಮ ಅಪ್ಪನನ್ನು ಹೇಗೆ ಗುರುತಿಸುತ್ತಾಳೆ ಟೀಚರ್?" ಎಂದು ಪ್ರಶ್ನೆ. ದನಿಯಿಂದ ಎಂದೆವು. ತಂದೆ ಹಡಗಿನ ಕೆಲಸದಲ್ಲಿರುವ ಹುಡುಗಿಯೊಬ್ಬಳು, "ನಾವೂ ಹಾಗೆಯೇ, ಫೋನಿನಲ್ಲಿ" ಎಂದಳು.

ಇವೆಲ್ಲ ತಿನ್ನುವುದೇನನ್ನು? ದಕ್ಷಿಣದ ಕಡಲಲ್ಲಿ ಬಹುಪಾಲು ಬದುಕು ನಿಂತಿರುವುದು ಕ್ರಿಲ್ಲಿನ ಮೇಲೆ. ಹೆಬ್ಬೆರಳಿನಷ್ಟುದ್ದದ, ಸೀಗಡಿಯನ್ನು ಹೋಲುವ ಜೀವಿ. ನಮ್ಮಲ್ಲಿ ಕೆಲವರ ಮನೆಗೆ ಸೀಗಡಿ ಬಾರದು. ಆದರೂ ಚೆಮ್ಮೀನಿನ ವಾಸನೆಯನ್ನರಿಯದ ಮಗು ಈ ಊರಿನಲ್ಲಿಲ್ಲ. ನೀಲ ತಿಮಿಂಗಿಲ ಅದನ್ನು ದಿನಕ್ಕೆ ಹಲವು ಟನ್ ನುಂಗುತ್ತದೆ. 1981ರ ಡಿಸೆಂಬರಿನಲ್ಲಿ ಗೋವೆಯಿಂದ ನಮ್ಮ ದೇಶದ ಮೊದಲ ಅಂಟಾರ್ಕ್ಟಿಕ ಯಾತ್ರೆ ಹೊರಟಿತೆಂಬುದು ಪುಸ್ತಕದಲ್ಲಿದೆ. ಆದರೆ ಕೊಚ್ಚಿಯ 'ಸಾಗರ ಸಂಪದ' ಹಡಗೇ 1995-96ರಲ್ಲಿ ಕ್ರಿಲ್ ಅರಸಿ ಆ ನೀರಿಗೆ ಹೋಗಿತ್ತೆಂದಾಗ ಮಕ್ಕಳು ಕಿಟಕಿಯತ್ತ ನೋಡಿದರು, ಹಡಗು ಅಲ್ಲೇ ನಿಂತಿರುವಂತೆ.

ಒಂದು ಸಂಗತಿಯನ್ನು ಹೇಳಲೋ ಬೇಡವೋ ಎಂದು ನಾವು ಬಹಳ ಅನುಮಾನಿಸಿದೆವು. 2022ರ ಕೊನೆಯಲ್ಲಿ ಅಂಟಾರ್ಕ್ಟಿಕದ ಬೆಲಿಂಗ್ಸ್‌ಹೌಸನ್ ಸಮುದ್ರದಲ್ಲಿ ಮಂಜು ಬೇಗನೆ ಒಡೆಯಿತು. ನೀರು ತಡೆಯುವ ಗರಿ ಇನ್ನೂ ಮೂಡದ ಎಂಪರರ್ ಮರಿಗಳು ಐದು ನೆಲೆಗಳಲ್ಲಿ ನಾಲ್ಕರಲ್ಲಿ ಉಳಿದಿರಲಾರವೆಂದು ಉಪಗ್ರಹದ ಚಿತ್ರಗಳಿಂದ ತಿಳಿಯಿತು. ಹೇಳಿಯೇಬಿಟ್ಟೆವು. ಇಡಕೊಚ್ಚಿಯ ಕಡೆಯಿಂದ ಬರುವ ಹುಡುಗ, ಅಲ್ಲಿ ವೇಲಿಯೇಟ್ಟದಲ್ಲಿ ಕಾಯಲಿನ ನೀರು ಅಂಗಳ ದಾಟಿ ಒಳಗೇ ಬರುತ್ತದೆ, ಮೆಲ್ಲಗೆ ಕೇಳಿದ: "ನಮ್ಮ ಮನೆಗೆ ಬರುವುದು ಆ ಮಂಜಿನ ನೀರೇ?"

ಇದಕ್ಕೆ ಬಾಯಿಮಾತಿನ ಉತ್ತರ ಸಾಲದೆಂದು ಎರಡು ಲೋಟಗಳನ್ನು ತಂದೆವು. ಒಂದರಲ್ಲಿ ಮಂಜುಗಡ್ಡೆ ತೇಲಿಸಿ ಕಂಠಮಟ್ಟ ನೀರು ತುಂಬಿದೆವು. ಇನ್ನೊಂದಕ್ಕೆ ಕಂಠಮಟ್ಟ ನೀರು ತುಂಬಿ, ಮೇಲೆ ಚಹಾ ಸೋಸುವ ಜರಡಿಯಲ್ಲಿ ಮಂಜುಗಡ್ಡೆ ಇಟ್ಟೆವು. ಕರಗಿದಾಗ ಮೊದಲನೆಯದು ಚೆಲ್ಲಲಿಲ್ಲ. ಎರಡನೆಯದು ಮೇಜನ್ನೆಲ್ಲ ತೋಯಿಸಿತು. ಕಡಲಲ್ಲಿ ತೇಲುವ ಮಂಜು ಮೊದಲ ಲೋಟ. ಗ್ರೀನ್‌ಲ್ಯಾಂಡಿನ ಮತ್ತು ದಕ್ಷಿಣ ಖಂಡದ ನೆಲದ ಮೇಲಿನ ಹಿಮ ಎರಡನೆಯದು. ಕಾದ ಕಡಲು ತಾನೂ ಉಬ್ಬುತ್ತದೆ. ಹೀಗೆ ಕಡಲು ಏರುತ್ತಿರುವುದು ನಿಜ. ಆದರೆ ಹೂಳು ತುಂಬಿದ ಕಾಯಲು, ಒತ್ತುವರಿಯಾದ ತೋಡುಗಳೂ ನಿಮ್ಮ ಅಂಗಳದ ನೀರಿಗೆ ಕಾರಣವೆಂದು ಅವನಿಗೆ ಹೇಳಿದೆವು. ಮುಂದಿನ ವಾರ ಅವನು ಮನೆಯಲ್ಲಿಯೂ ಎರಡು ಲೋಟ ಇಟ್ಟು ನೋಡಿ, ಅಮ್ಮನಿಗೆ ಎಲ್ಲವನ್ನೂ ಕನ್ನಡದಲ್ಲೇ ವಿವರಿಸಿದನೆಂದು ತಾಯಿಯೇ ಬಂದು ತಿಳಿಸಿದರು.

ಇನ್ನೊಂದು ಪಾಠ ಬಾಕಿಯಿದೆ. ವಿಲ್ಸನ್ನನ ಸ್ಟಾರ್ಮ್ ಪೆಟ್ರೆಲ್ ಎಂಬ ಪುಟ್ಟ ಕಪ್ಪುಹಕ್ಕಿ ಅಂಟಾರ್ಕ್ಟಿಕದ ಬಂಡೆಗಳ ಸಂದಿಯಲ್ಲಿ ಹುಟ್ಟಿ, ಅಲ್ಲಿ ಚಳಿಗಾಲ ಬಂದಾಗ ನಮ್ಮ ಅರಬ್ಬೀ ಸಮುದ್ರದ ತನಕ ಬರುತ್ತದೆ. ಬಾಲದ ಬುಡದಲ್ಲಿ ಬಿಳಿಯ ಪಟ್ಟಿ. ಕಾಲಿಳಿಬಿಟ್ಟು ಅಲೆಗಳ ಮೇಲೆ ನಡೆದಂತೆ ಹಾರುತ್ತದೆ. ದಡಕ್ಕೆ ಕಾಣಸಿಗದು. ಮಳೆಗಾಲದಲ್ಲಿ ಹಡಗಿನಲ್ಲಿಯೋ ಮೀನುದೋಣಿಯಲ್ಲಿಯೋ ಹೊರಗಡಲಿಗೆ ಹೋಗುವ ಓದುಗರಾರಾದರೂ ಅದನ್ನು ಕಂಡಿದ್ದರೆ, ದಯವಿಟ್ಟು ಒಂದು ಭಾನುವಾರ ನಮ್ಮ ತರಗತಿಗೆ ಬಂದು ಹೇಳಬೇಕು.